ಭುಜದ ಅಳತೆ

ಪಿರಿಯಾಪಟ್ಟಣದ ಆ ಕೋವಿ ಅಂಗಡಿಗೆ ಹೆಂಗಸರು ಬರುವುದು ಕಮ್ಮಿಯೇನೋ. ಅಂಗಡಿಯ ಶಿವನಂಜಪ್ಪನವರು ಬೆಂಚಿನ ಮೇಲಿದ್ದ ಪೇಪರು ಎತ್ತಿ, ಟವೆಲಿನಿಂದ ಧೂಳು ಹೊಡೆದು, “ಕೂತ್ಕೊಳಿ ಅಕ್ಕೋರೆ” ಎಂದರು. ಅಷ್ಟು ಹೇಳಿ ನಾನು ಅಲ್ಲಿರುವುದನ್ನೇ ಮರೆತು ನಮ್ಮ ಯಜಮಾನರ ಜೊತೆ ಮಾತಿಗಿಳಿದರು. ಅವರನ್ನು ಬೈದು ಏನು ಮಾಡುವುದು. ಕೋವಿ ಕೊಳ್ಳುವವನು ಗಂಡಸೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ.

ಆದರೆ ಲೈಸೆನ್ಸ್ ಇದ್ದದ್ದು ನನ್ನ ಹೆಸರಿನಲ್ಲಿ. ಹುಣಸೂರು ತಾಲ್ಲೂಕಿನಲ್ಲಿ ಕಾಡಿಗೆ ಅಂಟಿಕೊಂಡಿರುವ ನಮ್ಮ ಜಮೀನು ನನ್ನ ಅಪ್ಪನದು. ಗಂಡುಮಕ್ಕಳಿಲ್ಲದ ಅಪ್ಪ ಮಿರ್ಲೆ ಕಡೆಯಿಂದ ಈ ಚಲುವಯ್ಯನವರನ್ನು ಮನೆ ಅಳಿಯನಾಗಿ ತಂದ. ಪಹಣಿಯನ್ನು ಮಾತ್ರ ಜಾಣತನದಿಂದ ನನ್ನ ಹೆಸರಿಗೆ ಮಾಡಿಸಿ ಕಣ್ಣು ಮುಚ್ಚಿದ. ಬೆಳೆ ಕಾಯುವ ಕೋವಿಗೆ ಜಮೀನು ಯಾರದೋ ಅವರೇ ಕೇಳಬೇಕು ಎಂದು ಇವರು ಹೇಳಿದರು, ನಾನು ತೋರಿಸಿದ ಕಡೆಯೆಲ್ಲ ರುಜು ಹಾಕಿದೆ. ಕಾಡುಹಂದಿ ಜೋಳ ಹಾಳು ಮಾಡುತ್ತಿದೆ ಎಂದು ಬರೆಸಿದ್ದರು. ಹಂದಿ ಬರುವುದೇನೋ ನಿಜ. ಇವರಿಗೆ ಕೋವಿ ಬೇಕಾಗಿದ್ದದ್ದು ಹಂದಿಗಲ್ಲ, ಅದು ನನಗೆ ಗೊತ್ತಿತ್ತು.

ಹೋದ ಅವರೆಕಾಯಿ ಕಾಲದಲ್ಲಿ, ಇನ್ನೂ ಮಂಜು ಕವಿದಿರುವಾಗಲೇ, ನಮ್ಮ ಸೌಂದರ್ಯ ಡೈರಿಗೆ ಹಾಲು ಹಾಕಲು ಹೋದಳು. ನಮಗಿದ್ದವಳು ಅವಳೊಬ್ಬಳೇ ಮಗಳು. ಹುಣಸೆಮರದ ಮರೆಯಲ್ಲಿ ಒಂದು ಕೊಂಬು ಮುರಿದ ಸಲಗ ನಿಂತಿದ್ದದ್ದು ಅವಳಿಗೆ ಕಾಣಲಿಲ್ಲ. ನಾವು ಓಡಿ ಹೋದಾಗ ಹಾಲಿನ ಕ್ಯಾನು ರಸ್ತೆ ಪಕ್ಕದಲ್ಲಿ ಇಟ್ಟ ಹಾಗೆಯೇ ಇತ್ತು, ಮುಚ್ಚಳ ಕೂಡ ಕಳಚಿರಲಿಲ್ಲ. ಆ ಹಾಲನ್ನು ಯಾರು ಏನು ಮಾಡಿದರೋ, ಇವತ್ತಿಗೂ ನಾನು ಕೇಳಿಲ್ಲ. ಅರಣ್ಯದವರು ಆನೆಯನ್ನು ಕಾಡಿಗೆ ಅಟ್ಟಿದರು. ಹಲಸು ಹಣ್ಣಾಗುವ ಹೊತ್ತಿಗೆ ಅದು ವಾಪಸು ಬಂತು. ಈಗಲೂ ಬಂದು ನಮ್ಮ ಮರಕ್ಕೆ ಮೈ ಉಜ್ಜಿಕೊಂಡು ಹೋಗುತ್ತದೆ.

ಮಗಳನ್ನು ಮಣ್ಣು ಮಾಡಿದ ದಿನ ಇವರು ಅಳಲಿಲ್ಲ. ಆಮೇಲೆ ಊಟ ಬಿಟ್ಟರು, ಗಡ್ಡ ಬಿಟ್ಟರು, ನನ್ನ ಜೊತೆ ಮಾತೂ ಬಿಟ್ಟರು. ಲೈಸೆನ್ಸ್ ಕೈಗೆ ಬಂದ ದಿನ ಗಡ್ಡ ತೆಗೆಸಿಕೊಂಡು ಬಂದು, ಇನ್ನೊಂದು ಮುದ್ದೆ ಹಾಕು ಎಂದರು. ಗಂಡ ಉಂಡರೆ ಹೆಂಡತಿಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಆನೆ ಕೊಂದರೆ ಜೈಲು, ಗುರಿ ತಪ್ಪಿದರೆ ಸಾವು. ಎರಡರಲ್ಲಿ ಯಾವುದಾದರೂ ನಾನು ಆ ಮನೆಯಲ್ಲಿ ಒಬ್ಬಳೇ.

“ನಳಿಗೆ, ಬೆರಳಲ್ಲಿ ಎಳೆಯೋ ಕುದುರೆ ಎಲ್ಲಾ ಕಾರ್ಖಾನೇದು ಗೌಡ್ರೇ,” ಶಿವನಂಜಪ್ಪ ಎರಡು ರೈಫಲ್ ತಂದು ಮೇಜಿನ ಮೇಲಿಟ್ಟರು. “ಇಂದ್ಗಡೆ ಮರ ಮಾತ್ರ ನಿಮ್ಮ ಭುಜದ ಅಳತೆ ತಕ್ಕೊಂಡು ನಾವೇ ಕೆತ್ತಿ ಕೂರಿಸ್ತೀವಿ. ಅಂದಿ ಓಡ್ಸಕ್ಕೆ ಈ ಅಗುರದ್ದೇ ಸಾಕು.”

“ಅದು ಬ್ಯಾಡ. ಆ ದಪ್ಪ ನಳಿಗೇದು ಆಗ್ಲಿ.”

“ಅದು ಬೋ ಒದೀತದೆ ಕಣ್ರೀ.”

“ಬೀಟೆ ಮರ ಆಕಿ. ಮರ ಭಾರ ಇದ್ರೆ ಒದೆಯೋದು ಕಮ್ಮಿ ಅಲ್ವಾ.” ಇದನ್ನೆಲ್ಲ ಎಲ್ಲಿ ಕಲಿತಿದ್ದರೋ. ನಳಿಗೆಯ ಮೇಲೆ ಕೈಯಾಡಿಸುತ್ತಾ ಮೆಲ್ಲಗೆ ಕೇಳಿದರು, “ಮೂಳೆ ಗಟ್ಟಿ ಇದ್ರೂ ಒಳಕ್ಕೆ ಓಯ್ತದಾ?”

ಶಿವನಂಜಪ್ಪ ಕನ್ನಡಕ ತೆಗೆದು ಇವರನ್ನು ನೋಡಿದರು. “ಅಂದಿ ಮೂಳೆ ಅಷ್ಟೇನು ಗಟ್ಟಿ ಇರಕಿಲ್ಲ ಗೌಡ್ರೇ,” ಎಂದರು.

ಆದರೂ ವ್ಯಾಪಾರ ವ್ಯಾಪಾರವೇ. ಇವರ ಮೊಣಕೈ ಮಡಚಿಸಿ, ಮರದ ತುದಿಯನ್ನು ಸಂದಿಗೆ ಒತ್ತಿ, ತೋರುಬೆರಳು ಕುದುರೆಗೆ ಹೇಗೆ ಸಿಗುತ್ತದೆಂದು ನೋಡಿದರು. “ಉದ್ದ ತೋಳು ನಿಮ್ದು. ಮರಾನೂ ಉದ್ದ ಬೇಕು. ಗಿಡ್ಡ ಆಗೋಯ್ತು ಅಂದ್ರೆ, ಒಡೆದ ಏಟ್ಗೆ ಎಬ್ಬೆಟ್ಟು ಬಂದು ಮೂಗಿಗೇ ಗುದ್ತದೆ. ಗುರಿನೂ ಎಲ್ಲೋ ಓಯ್ತದೆ.”

ಇಷ್ಟು ದಿನ ನಾನು ಹುಡುಕುತ್ತಿದ್ದ ಉಪಾಯ ಆ ಮಾತಿನಲ್ಲೇ ಸಿಕ್ಕಿತು. ಬೆಂಚಿನಿಂದ ಎದ್ದೆ. “ಅಳತೆ ನಂದು ತಕ್ಕಳಿ,” ಎಂದೆ. “ಲೈಸೆನ್ಸ್ ನಂದು.”

“ನೀನು ಸುಮ್ಕೆ ಕೂತ್ಕೊ ರುಕ್ಮಿಣಿ.”

“ಅಕ್ಕೋರ ಮಾತು ಸರಿ ಗೌಡ್ರೇ,” ಶಿವನಂಜಪ್ಪ ತಟಕ್ಕನೆ ಹೇಳಿದರು. ಅವರಿಗೂ ಹಗುರಾಯಿತೆಂದು ಕಾಣುತ್ತದೆ. “ಕಾನೂನಂಗೆ ಕೋವಿ ಇಡಿಬೇಕಾದೋರು ಅವ್ರೇ. ಅಳತೆ ನೋಡಕ್ಕೆ ಗಿಡ್ಡ ಮರದ್ದು ಒಂದು ಒಳಗದೆ, ತತ್ತೀನಿ.”

ಅವರು ಒಳಗೆ ಹೋದ ಮೇಲೆ ಇವರು ನನ್ನ ಮುಂದೆ ಬಂದು ನಿಂತರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. “ಇದೊಂದಕ್ಕೇ ಕಣೆ ನಾನು ಉಸ್ರಾಡ್ತಿರೋದು. ಇದ್ನೂ ಕಿತ್ಕೋಬ್ಯಾಡ.”

“ನೀವು ಜೈಲಿಗೋದ್ರೆ ನಾನು ಯಾರಿಗೆ ಉಸ್ರಾಡ್ಲಿ?” ಎಂದೆ. “ಮಗ್ಳಿಗೆ ನೀವೊಬ್ರೇ ಏನು, ನಾನು ಎತ್ತೋಳಲ್ವಾ?”

ಅವರು ತಲೆ ತಗ್ಗಿಸಿದರು. ಗೆದ್ದೆ ಎಂದುಕೊಂಡೆ. ನನ್ನ ತೋಳಿನ ಅಳತೆಗೆ ಮರ ಕೆತ್ತಿಸಿಬಿಟ್ಟರೆ ಅವರ ಉದ್ದ ಕೈಗೆ ಆ ಕೋವಿ ದಕ್ಕುವುದಿಲ್ಲ. ಹಂದಿಯನ್ನು ಹೆದರಿಸಲು ಗಾಳಿಯಲ್ಲಿ ಹಾರಿಸಿಕೊಂಡಿರಲಿ.

ಶಿವನಂಜಪ್ಪ ಗಿಡ್ಡ ಮರದ ರೈಫಲ್ ತಂದರು. ಮೇಲಿದ್ದ ಹಿಡಿ ಎತ್ತಿ ಎಳೆದು ಒಳಗೆ ಗುಂಡಿಲ್ಲವೆಂದು ತೋರಿಸಿ, ಮುಚ್ಚಿ ನನ್ನ ಕೈಗಿಟ್ಟರು. ಸೆರಗು ಸರಿಮಾಡಿಕೊಂಡು ಭುಜಕ್ಕೆ ಒತ್ತಿಕೊಂಡೆ. ಅಂಗಡಿಯ ಹಿಂಬಾಗಿಲಾಚೆ ಖಾಲಿ ಸೈಟು, ಅದರಾಚೆ ಒಂದು ತಾರಸಿ, ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. “ಕೆನ್ನೆ ಮರಕ್ಕೆ ಒತ್ತಿ, ಎಡಗಣ್ಣು ಮುಚ್ಚಿ, ಆ ಟ್ಯಾಂಕ್ ನೋಡಿ ಅಕ್ಕೋರೆ,” ಎಂದರು.

ನೋಡಿದೆ. ಮೊದಲು ನಳಿಗೆ ನಡುಗಿತು. ಆಮೇಲೆ ನಿಂತಿತು. ಟ್ಯಾಂಕಿನ ಮೇಲೆ ನೀರು ಸುರಿದು ಕಟ್ಟಿದ ಬಿಳಿ ಕರೆ ಒಂದಿತ್ತು, ಒಂದೇ ಪಕ್ಕಕ್ಕೆ. ಮುರಿಯದೆ ಉಳಿದ ಆ ಒಂದು ಕೊಂಬಿನ ಹಾಗೆ. ನನಗೆ ಟ್ಯಾಂಕು ಕಾಣಲಿಲ್ಲ. ಮಂಜು ಕಂಡಿತು, ಹಾಲಿನ ಕ್ಯಾನು ಕಂಡಿತು, ಆ ಬೆಳಿಗ್ಗೆ ನಾನು ಅವಳಿಗೆ ಹಾಕಿದ್ದ ಜಡೆ ಮಣ್ಣಿನಲ್ಲಿ ಬಿಚ್ಚಿಕೊಂಡು ಬಿದ್ದಿದ್ದು ಕಂಡಿತು. ಬೆರಳನ್ನು ನಾನು ಎಳೆದೆನೋ ಅದೇ ಎಳೆಯಿತೋ ಗೊತ್ತಿಲ್ಲ, ಟಕ್ ಎಂದಿತು.

“ಬುಡಿ ಅಕ್ಕೋರೆ, ಸಾಕು,” ಎಂದರು ಶಿವನಂಜಪ್ಪ. “ಅಳತೆ ಸರಿಯಾಗದೆ.”

ಆ ಹಿಡಿಯನ್ನು ಅವರು ಮಾಡಿದಂತೆಯೇ ಎತ್ತಿ ಎಳೆದು ಮುಚ್ಚಿದೆ, ಮತ್ತೆ ಟಕ್ ಎನ್ನಿಸಿದೆ. ಭುಜ ಹಗುರಾಗಲಿಲ್ಲ. ಎಷ್ಟು ಸಲ ಎಳೆದರೂ ಆಗುವುದಿಲ್ಲ ಎಂದು ಆಗಲೇ ತಿಳಿಯಿತು, ಆದರೂ ಮತ್ತೊಮ್ಮೆ ಎಳೆದೆ.

ಪಕ್ಕದಲ್ಲಿ ಇವರು ಅಳುತ್ತಿದ್ದರು. ಮಗಳು ಹೋದ ಮೇಲೆ ಮೊದಲನೇ ಸಲ, ಅಂಗಡಿಯಲ್ಲಿ ನಿಂತು, ಮುಖ ಕೂಡ ಮುಚ್ಚಿಕೊಳ್ಳದೆ. “ಬ್ಯಾಡ ಬಾ ರುಕ್ಮಿಣಿ,” ಎಂದರು. “ನಮಗೆ ಕೋವಿ ಬ್ಯಾಡ. ಮನೆಗೋಗನ ಬಾ.” ನನ್ನ ಕೈ ಹಿಡಿದು ಕೆಳಗಿಳಿಸಲು ನೋಡಿದರು.

ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದೇ ನಾನು ಬಸ್ಸು ಹತ್ತಿ ಬಂದಿದ್ದೆ. ಕೇಳಿಸಿತು. ನನ್ನ ಕೆನ್ನೆ ಮಾತ್ರ ಮರವನ್ನು ಬಿಟ್ಟು ಏಳಲಿಲ್ಲ.

“ಬೀಟೆ ಮರದ್ದೇ ಆಕಿ ಶಿವನಂಜಪ್ಪನೋರೆ,” ಎಂದೆ. “ಆ ದಪ್ಪ ನಳಿಗೇದಕ್ಕೆ. ಅಳತೆ ಇದೇ ಇರ್ಲಿ.”