ಕುಂಕುಮದ ಒಂದು ಕಣ

ನಾನು ಒಂದು ಕ್ಯಾಮೆರಾ. ಧೂಳೇ ಇಲ್ಲದ ಕೋಣೆಯಲ್ಲಿ ಹುಟ್ಟಿದೆ. ಮೂಗು ಬಾಯಿ ಮುಚ್ಚಿಕೊಂಡವರು ನನ್ನನ್ನು ಜೋಡಿಸಿದರು. ನನ್ನೊಳಗೆ ಅಂಚೆಚೀಟಿಯಗಲದ ಸೆನ್ಸರ್ ಇದೆ. ಅದು ನನ್ನ ಕಣ್ಣು. ಅದರ ಮುಂದಿನ ತೆಳು ಪರದೆ ನನ್ನ ರೆಪ್ಪೆ. ಆ ಕಣ್ಣನ್ನು ಯಾರಾದರೂ ಮುಟ್ಟಿಬಿಟ್ಟರೆ ಎಂಬ ಅಂಜಿಕೆ ನನಗೆ ಮೊದಲಿನಿಂದಲೂ ಇತ್ತು.

ಮೊದಲು ಹುಬ್ಬಳ್ಳಿಯ ಡಾಕ್ಟರೊಬ್ಬರ ಕೈಯಲ್ಲಿ ನವಿಲುಗಳನ್ನು ಕಂಡೆ. ಅವರಿಗೆ ಬೇಸರವಾದ ಮೇಲೆ ಗದಗಿನ ಗುರುಪಾದಪ್ಪನವರ ಸ್ಟುಡಿಯೋ ಸೇರಿದೆ. ಅವರಿಗೆ ನಾನು ಬಿಟ್ಟರೆ ಬೇರೆ ಕ್ಯಾಮೆರಾ ಇರಲಿಲ್ಲ.

ಆಯುಧಪೂಜೆಗೆ ಅವರ ಹೆಂಡತಿ ನೀಲವ್ವ ನನ್ನನ್ನು ಮಣೆಯ ಮೇಲಿಟ್ಟು ಮೈತುಂಬ ಕುಂಕುಮ ಹಚ್ಚಿದರು. ಒರೆಸಿದರೆ ಅಪಚಾರವೆಂದು ಗುರುಪಾದಪ್ಪನವರು ಹಾಗೆಯೇ ಲೆನ್ಸ್ ಬದಲಿಸಿದರು. ಒಂದು ಕಣ ಒಳಗಿಳಿದು ನನ್ನ ಕಣ್ಣಿಗೆ ಅಂಟಿತು. ಅಂದಿನಿಂದ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ.

ಗುರುಪಾದಪ್ಪನವರ ಅಕ್ಕನ ಮಗಳು ಶಿವಲೀಲಾಳ ಮದುವೆ ಬಂತು. ಸೋದರಮಾವನೇ ಫೋಟೋ ತೆಗೆಯಬೇಕೆಂದು ಹುಡುಗಿ ಹಟ ಹಿಡಿದಿದ್ದಳು.

"ಮದುಮಗಳ ಮುಖದ ಮ್ಯಾಲೆ ಚುಕ್ಕಿ ಬಿದ್ರ ಬೀಗರು ಏನಂದಾರು?" ಎನ್ನುತ್ತ ಗುರುಪಾದಪ್ಪನವರು ಮುನ್ನಾದಿನ ಸಂಜೆ ನನ್ನ ಲೆನ್ಸ್ ಬಿಚ್ಚಿದರು. ಕರೆಂಟು ಹೋಗಿತ್ತು. ಕಿಟಕಿಯ ಬೆಳಕು ಕಂದುತ್ತಿತ್ತು. ರಬ್ಬರ್ ಬುಡ್ಡೆ ಒತ್ತಿ ಗಾಳಿ ಊದಿದರು, ಕಣ ಕದಲಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಕಡ್ಡಿ ತೆಗೆದುಕೊಂಡರು.

ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನನ್ನ ರೆಪ್ಪೆ ತೆರೆದಿರುತ್ತದೆ. ಒರೆಸುವಾಗ ತಾನಾಗಿ ತೆರೆದಿರುವ ಏರ್ಪಾಟೂ ನನ್ನಲ್ಲಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿಲ್ಲ.

"ನೀಲಾ, ಈ ಗುಂಡಿ ಒತ್ತಿ ಹಿಡಿ. ನಾ ಅನ್ನೂತನಕ ಬಿಡಬ್ಯಾಡ."

"ಇಷ್ಟು ವರ್ಷ ನಿಮ್ಮನ್ನ ಬಿಟ್ಟಿಲ್ಲ, ಇದನ್ಯಾಕ ಬಿಡ್ಲಿ!"

ಕಡ್ಡಿ ಒಳಗಿಳಿಯಿತು. ಆಗ ಆಚೆ ಓಣಿಯಲ್ಲಿ ದೀಪ ಹೊತ್ತಿದ್ದು ಕಿಟಕಿಯಲ್ಲಿ ಕಂಡಿತು. ಮುಸ್ಸಂಜೆ ದೀಪ ಹೊತ್ತಿದೊಡನೆ ನೀಲವ್ವ ಏನು ಮಾಡುತ್ತಾರೆಂದು ನಾನು ದಿನವೂ ನೋಡುತ್ತಿದ್ದೆ.

ನಮ್ಮ ಬಲ್ಬೂ ಹೊತ್ತಿತು. ನೀಲವ್ವ ಎರಡೂ ಕೈ ಎತ್ತಿ ಬೆಳಕಿಗೆ ಮುಗಿದರು.

ರೆಪ್ಪೆ ಕಡ್ಡಿಯ ಮೇಲೆ ಬಿದ್ದು ಹರಿಯಿತು.

"ಅಯ್ಯ ಶಿವನ, ಕೈ ತಾನ ಹೋತ್ರೀ..."

ಗುರುಪಾದಪ್ಪನವರು ಕಡ್ಡಿ ಹಿಡಿದುಕೊಂಡೇ ಕೂತರು. ಮರುದಿನ ಶಿವಲೀಲಾಳ ತಲೆಯ ಮೇಲೆ ಅಕ್ಷತೆ ಬೀಳುವಾಗ ಬೇರೆ ಯಾರೋ ಫೋಟೋ ತೆಗೆದರಂತೆ. ಸೋದರಮಾವ ಬರಿಗೈಯಲ್ಲಿ ನಿಂತಿದ್ದರಂತೆ.

ನಾನೀಗ ಸ್ಟುಡಿಯೋದ ಕಪಾಟಿನಲ್ಲಿರುವ ಕುರುಡಿ. ಇಂದು ಮತ್ತೆ ಆಯುಧಪೂಜೆ. ಹೊಸ ಕ್ಯಾಮೆರಾದ ಪಕ್ಕದಲ್ಲಿ ನನ್ನನ್ನೂ ಮಣೆಯ ಮೇಲೆ ಕೂರಿಸಿದ್ದಾರೆ.

"ಕುಂಕುಮ ಎಲ್ಲಾ ಈ ಮುದುಕಿಗೆ ಹಚ್ಚು. ಹೊಸಾದಕ್ಕ ಬರೇ ಹೂವು ಸಾಕು," ಎಂದರು ಗುರುಪಾದಪ್ಪನವರು.

ಇಷ್ಟಕ್ಕಾದರೂ ಒದಗಿದೆನಲ್ಲ ಎಂದು ಸಮಾಧಾನಪಟ್ಟೆ. ಆದರೆ ಅವರೀಗ ಇಲ್ಲಿಯೇ ಕೂತು ಹೊಸದರ ಲೆನ್ಸ್ ಬಿಚ್ಚುತ್ತಿರುವ ಸದ್ದು ಕೇಳುತ್ತಿದೆ. ಮೂಲೆಯ ಟೇಬಲ್ ಫ್ಯಾನಿನ ಸದ್ದು ಮೆಲ್ಲಗೆ ನಮ್ಮತ್ತ ತಿರುಗುತ್ತಿದೆ. ನನ್ನ ನೆತ್ತಿಯ ಕುಂಕುಮ ಒಣಗಿ ಪುಡಿಯಾಗಿದೆ.