ಬಿಸಿ ಇಳಿಸಿದ ಮಧ್ಯಾಹ್ನ

"ಸತ್ತೋಗಿದೆ ಗುರು. ಎಷ್ಟು ಕಾಯಿಸಿದ್ರೂ ಏಳ್ತಿಲ್ಲ," ಅಂದ ಉತ್ತಮ್, ಪರ್ತ್‌ನಿಂದ.

ಅವನು ಹೇಳಿದ್ದು ಕಬ್ಬಿಣದ ಹರಳುಗಳ ವಿಷಯ. ಪರ್ತ್‌ನ ಊರಾಚೆ ಒಂದು ಪುಟ್ಟ ಪ್ರಾಯೋಗಿಕ ಘಟಕವಿತ್ತು. ಅಲ್ಲಿನ ಉಕ್ಕಿನ ಗೋಪುರದೊಳಗೆ ಸಾರಜನಕ, ಜಲಜನಕಗಳು ಸೇರಿ ಅಮೋನಿಯಾ ಆಗಬೇಕಿತ್ತು, ಅದಕ್ಕೆ ವೇಗ ಕೊಡುವುದು ಈ ಹರಳುಗಳು. ಹರಳು ತಯಾರಾದದ್ದು ಅಡಿಲೇಡ್‌ನಲ್ಲಿ, ಗುರುದತ್‌ನ ಪ್ರಯೋಗಾಲಯದಲ್ಲಿ. ಗೋಪುರದ ಲೆಕ್ಕ ಹಾಕಿದವಳು ಬ್ರಿಸ್ಬೇನಿನ ಕಸ್ತೂರಿ. ಮೂವರೂ ಮೈಸೂರಿನ ಒಂದೇ ಕಾಲೇಜಿನಲ್ಲಿ ಓದಿದವರು; ಕರೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕನ್ನಡವೇ.

ಹೊರಬರುವ ಅನಿಲದಲ್ಲಿ ಅಮೋನಿಯಾ ನೂರಕ್ಕೆ ಹದಿನಾಲ್ಕು ಪಾಲು ಇರಬೇಕು. ಇವತ್ತು ಸಂಜೆಯೊಳಗೆ ಅಷ್ಟು ಮುಟ್ಟದಿದ್ದರೆ ಗೋಪುರ ಬಿಚ್ಚಿ ಹರಳನ್ನೆಲ್ಲ ಸುರಿದುಬಿಡಿ ಎಂದು ಕಂಪನಿ ಹೇಳಿತ್ತು. ಮತ್ತೆ ತುಂಬುವ ಮಾತಿರಲಿಲ್ಲ. ನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಆಫೀಸಿನಲ್ಲಿ ಕಸ್ತೂರಿ ಮೈಕ್ ಆಫ್ ಮಾಡಿಕೊಂಡು ಕೂತಿದ್ದಳು. ಗಂಡ ಪ್ರಜ್ವಲ ತೀರಿಕೊಂಡ ಮೇಲೆ ಕರೆಗಳಲ್ಲಿ ಅವಳು ಹೀಗೇ. ಅದೇ ವಾರ ಗುರುದತ್ ಅವಳ ಪಾಲಿನ ಕೆಲಸವನ್ನೆಲ್ಲ ತನ್ನ ಮೇಲೆ ಎಳೆದುಕೊಂಡಿದ್ದ. "ನೀನು ಸುಮ್ನೆ ಕೇಳಿಸ್ಕೊಂಡಿರು, ಸಾಕು," ಅಂದಿದ್ದ. ಅವಳು ಹಾಗೇ ಇದ್ದಳು. ರೈಲು ಹತ್ತಿ, ಬಸ್ಸು ಹತ್ತಿ ಬರುವಳು, ಹೋಗುವಳು. ಅಳು ಬರಲಿಲ್ಲ. ಬೇರೆ ಏನೂ ಬರಲಿಲ್ಲ. ಅವಳ ಎದುರು ಯಾರೂ ದನಿ ಎತ್ತುತ್ತಿರಲಿಲ್ಲ. ಲೆಕ್ಕ ತಪ್ಪಾದರೆ ಅವಳಿಗೆ ತಿಳಿಸದೆ ತಾವೇ ತಿದ್ದಿಕೊಳ್ಳುತ್ತಿದ್ದರು.

"ಒತ್ತಡ ಏರ್ಸಕ್ಕಾಗಲ್ವಾ?" ಗುರುದತ್ ಕೇಳಿದ. "ನಾಲ್ಕು ಅಣು ಸೇರಿ ಎರಡಾಗೋದು. ಒತ್ತಿದಷ್ಟೂ ಅಮೋನಿಯಾ ಕಡೆಗೇ ವಾಲುತ್ತೆ."

"ಕಂಪ್ರೆಸರ್ ನೂರು ಬಾರ್ ಒತ್ತಡಕ್ಕೇ ಏದುಸಿರು ಬಿಡ್ತಿದೆ. ಇನ್ನೊಂಚೂರು ಒತ್ತಿದ್ರೆ ಸೇಫ್ಟಿ ವಾಲ್ವ್ ಎಗರುತ್ತೆ, ಅದರ ಹಿಂದೆ ನಾನು."

"ಬಿಸಿ?"

"ಬೆಳಗ್ಗೆ ನಾನೂರ ಎಪ್ಪತ್ತು ಡಿಗ್ರಿಗೆ ಹದಿಮೂರು ಪಾಲು ಬಂತು. ಸ್ವಲ್ಪ ಕಮ್ಮಿ ಅಲ್ವಾ ಅಂತ ನಾನೂರ ತೊಂಬತ್ತಕ್ಕೆ ಏರ್ಸಿದೆ. ಈಗ ಬರೀ ಹನ್ನೊಂದು. ಈ ಮಧ್ಯಾಹ್ನ ಐನೂರಕ್ಕೆ ತಗೊಂಡ್ ನೋಡೋದು, ಆಗ್ಲಿಲ್ಲ ಅಂದ್ರೆ ತಿಥಿ ಮಾಡೋದು."

"ಉತ್ತಮ್!" ಗುರುದತ್ ಗದರಿದ.

ತಿಥಿ ಅನ್ನುವ ಮಾತು ಅವಳ ಕಿವಿಗೆ ಬೀಳಬಾರದು ಎಂಬ ಕಾಳಜಿ. ಅವಳ ಕಿವಿಗೆ ಬಿದ್ದದ್ದು ಎರಡು ಅಂಕಿ ಮಾತ್ರ: ಹದಿಮೂರು, ಹನ್ನೊಂದು.

ಹರಳು ಹಳೆಯದಾಗಿ ಸೋತಾಗ ಬಿಸಿ ಏರಿಸುವುದು ಈ ಕಸುಬಿನವರ ಅಭ್ಯಾಸ. ಏರಿಸಿದರೆ ಕೆಲಸ ಚುರುಕಾಗುತ್ತದೆ. ಆದರೆ ಅಮೋನಿಯಾ ಕಟ್ಟಿಕೊಳ್ಳುವಾಗ ತಾನೇ ಬಿಸಿಯನ್ನು ಹೊರಹಾಕುತ್ತದೆ. ಹೊರಗಿನಿಂದ ಇನ್ನಷ್ಟು ಬಿಸಿ ತುಂಬಿದರೆ ಕಟ್ಟಿದ್ದು ಒಡೆದು ಹಿಂದಕ್ಕೆ ಹೋಗುತ್ತದೆ. ಕಟ್ಟುವ ವೇಗವೂ ಒಡೆಯುವ ವೇಗವೂ ಸಮವಾದಾಗ ಅಂಕಿ ನಿಂತುಬಿಡುತ್ತದೆ. ನೋಡುವವರಿಗೆ ಎಲ್ಲ ಸ್ತಬ್ಧ. ಒಳಗೆ ಅರೆಗಳಿಗೆಯೂ ಬಿಡುವಿಲ್ಲ.

ಯಾವ ಬಿಸಿಗೆ ಹೆಚ್ಚೆಂದರೆ ಎಷ್ಟು ಅಮೋನಿಯಾ ಸಾಧ್ಯ ಎಂದು ತೋರಿಸುವ ತನ್ನ ಹಳೆಯ ಸಮತೋಲನದ ರೇಖೆಯ ಮೇಲೆ ಕಸ್ತೂರಿ ಎರಡೂ ಅಂಕಿಗಳನ್ನು ಇಟ್ಟು ನೋಡಿದಳು. ಎರಡೂ ರೇಖೆಗೆ ಅಂಟಿಕೊಂಡಂತೆ ಕೂತವು. ಇನ್ನೊಮ್ಮೆ ಇಟ್ಟಳು. ಮೈಕ್ ಆನ್ ಮಾಡಿದಳು.

"ಸತ್ತಿಲ್ಲ ಅದು."

ರೇಖೆಯನ್ನು ಅವರಿಬ್ಬರ ಪರದೆಗೂ ಕಳಿಸಿದಳು.

"ಸತ್ತಿದ್ರೆ ರೇಖೆಗಿಂತ ಎಷ್ಟೋ ಕೆಳಗಿರ್ಬೇಕಿತ್ತು. ಆ ಬಿಸಿಗೆ ಎಷ್ಟು ಸಾಧ್ಯವೋ ಅಷ್ಟೂ ಮಾಡ್ತಿದೆ. ಬಿಸಿ ಇಳ್ಸಿ."

"ಕಸ್ತೂರಿ, ನೀನ್ಯಾಕೆ ತಲೆ ಕೆಡಿಸ್ಕೋತೀಯ..." ಗುರುದತ್ ಮೆಲ್ಲಗೆ ಶುರು ಮಾಡಿದ.

"ಇಳ್ಸಿದ್ರೆ ಆರೋಗುತ್ತೆ," ಉತ್ತಮ್ ನಡುವೆ ಬಾಯಿ ಹಾಕಿದ. "ಅದರ ಬಿಸಿಯಿಂದಾನೇ ಒಳಗೆ ಬರೋ ಅನಿಲ ಕಾಯೋದು. ಒಂದ್ಸಲ ಆರಿದ್ರೆ ಮತ್ತೆ ಹೊತ್ತಿಸೋಕೆ ನಾಳೆ ಆಗುತ್ತೆ. ಸಂಜೆಗೆ ಕಂಪನಿಯವ್ರು ಬಿಚ್ಚೇ ಬಿಡ್ತಾರೆ."

"ಒಂದೇಸಲಕ್ಕೆ ಬೇಡ. ಐದೈದು ಡಿಗ್ರಿ. ನಿಂತು ನೋಡಿ, ಮತ್ತೆ ಐದು. ಆರಿದ್ರೆ, 'ಇಳ್ಸು' ಅಂದಿದ್ದು ನಾನು ಅಂತ ಹೇಳಿ."

ಗುರುದತ್ ಉಸಿರು ಬಿಟ್ಟಿದ್ದು ಕೇಳಿಸಿತು. "ಮಾಡು, ಉತ್ತಮ್."

ಮೊದಲ ಐದಕ್ಕೆ ಅಂಕಿ ಕದಲಲಿಲ್ಲ. ಎರಡನೆಯದಕ್ಕೆ ಅರೆ ಪಾಲು ಏರಿತು. ನಾನೂರ ಎಪ್ಪತ್ತು ಡಿಗ್ರಿಗೆ ಬೆಳಗಿನ ಹದಿಮೂರೇ ವಾಪಸು ಬಂತು. ಅರವತ್ತೈದರಲ್ಲಿ ಹದಿನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ. ಕಸ್ತೂರಿ ಕುರ್ಚಿಯ ತುದಿಗೆ ಬಂದಿದ್ದಳು.

ಅರವತ್ತು. ಹದಿನಾಲ್ಕೂವರೆ.

"ಬಂತು ಕಣ್ರೋ!" ಉತ್ತಮ್ ಕೂಗಿದ.

"ಇನ್ನೈದು ಇಳ್ಸು," ಅಂದಳು ಕಸ್ತೂರಿ. "ಹದಿನೈದೂ ದಾಟುತ್ತೆ."

"ಒಳಬರೋ ಅನಿಲ ಆಗ್ಲೇ ತಣ್ಣಗಾಗ್ತಿದೆ, ನೋಡಿದ್ಯಾ?"

"ಇಳ್ಸು, ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ? ಸಾಕು ತಾಯಿ, ಸಾಕು! ಅಲ್ಲಿ ಎಸಿ ಕೆಳಗೆ ಕೂತ್ಕೊಂಡು ಹೇಳೋದು ಸುಲಭ. ಇಲ್ಲಿ ಬೆಂಕಿ ಆರಿದ್ರೆ ಬೈಸ್ಕೊಳ್ಳೋನು ನಾನು. ಬುದ್ಧಿ ಇದ್ಯಾ ನಿಂಗೆ?"

"ಉತ್ತಮ್, ಯಾರ ಹತ್ರ ಮಾತಾಡ್ತಿದ್ದೀಯಾ?" ಗುರುದತ್‌ನ ದನಿ ನಡುಗಿತು. "ಕಸ್ತೂರಿ, ಅವನು ಬೇಕಂತ..."

ಅವಳ ಮುಖ ಬಿಸಿಯಾಗಿತ್ತು. ಸಿಟ್ಟು. ಅದು ಸಿಟ್ಟೇ ಎಂದು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಪರದೆಯ ಮೇಲೆ ಒಳಬರುವ ಅನಿಲದ ಬಿಸಿ ನಿಜಕ್ಕೂ ಜಾರುತ್ತಿತ್ತು. ಅವಳು ಅದನ್ನು ನೋಡಿಯೇ ಇರಲಿಲ್ಲ.

"ತಡಿ ಗುರು, ಅವನು ಹೇಳಿದ್ದು ಸರಿ," ಅಂದಳು. "ಅರವತ್ತಕ್ಕೇ ನಿಲ್ಸು, ಉತ್ತಮ್. ಆದ್ರೆ ಬುದ್ಧಿ ಗಿದ್ದಿ ಅಂತ ಇನ್ನೊಂದ್ಸಲ ಅಂದ್ರೆ ಪರ್ತ್‌ಗೇ ಬಂದು ಬಾರಿಸ್ತೀನಿ."

"ಬಾ," ಅಂದ ಉತ್ತಮ್. "ಹೊರಗೆ ನಲವತ್ತೆರಡು ಡಿಗ್ರಿ ಇದೆ. ಟೋಪಿ ತಗೊಂಡ್ ಬಾ."