ಐದನೇ ಮಹಡಿಯ ಸವಲತ್ತು

ಬೆಂಕಿಯ ಅಲಾರಂ ನಿಂತ ಮೇಲೂ ಅತಿಥಿಗಳು ಹುಲ್ಲುಹಾಸು ಬಿಟ್ಟು ಕದಲಲಿಲ್ಲ. ಒಬ್ಬ ಜರ್ಮನ್ ಅಜ್ಜ ಟವೆಲ್ ಸುತ್ತಿಕೊಂಡು, ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ನಿಂತಿದ್ದ. ಬೆಂತೊಟದ ಆ ಹೋಟೆಲಿನ ಜನರಲ್ ಮ್ಯಾನೇಜರ್ ಜಯತಿಸ್ಸ ಒಬ್ಬೊಬ್ಬರಿಗೂ ಕೆಂದೆಳನೀರು ಕೊಡಿಸಿ, ಬೆಂಕಿಯೇನಿಲ್ಲ, ಬರೀ ಹೊಗೆ ಎಂದು ಸಮಾಧಾನ ಹೇಳುತ್ತಿದ್ದಾಗ ಇಂಜಿನಿಯರ್ ಪಿಯದಾಸ ಬಂದು ಅವನ ಕಿವಿಯ ಹತ್ತಿರ ಬಗ್ಗಿದ.

"ಹೊಗೆ ಎಲ್ಲಿಂದ ಅಂತ ಗೊತ್ತಾಯ್ತು ಸರ್. ಐದನೇ ಮಹಡಿ."

"ಯಾವ ರೂಮು? ಸಿಗರೇಟಾ?"

"ನೀವಿರೋ ಸೂಟೇ ಸರ್. ಒಣಮೀನು."

ಜಯತಿಸ್ಸ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. ಬಚ್ಚಲುಮನೆಯ ಅಮೃತಶಿಲೆಯ ಕಟ್ಟೆಯ ಮೇಲೆ ಪುಟ್ಟ ಕರೆಂಟ್ ಒಲೆ, ಬಾಣಲೆ, ಸೀದ ಮೀನು. ಹೆಂಡತಿ ಮಾಲ್ಕಾಂತಿ ಟಬ್ಬಿನ ಅಂಚಿನಲ್ಲಿ ಕೂತು ಟವೆಲಿನಿಂದ ಗಾಳಿ ಬೀಸುತ್ತಿದ್ದಳು.

"ಇವತ್ತೇ ಆಗ್ಬೇಕಿತ್ತೇನೇ ಇದು? ನನ್ನ ಹೊಸ ಕರಾರು ಮಾತಾಡೋಕೆ ದೊಡ್ಡ ಮೇಡಂ, ಲೊಕು ನೋನಾ, ಕೊಲಂಬೊದಿಂದ ಬಂದಿದ್ದಾರೆ. ಅವರೂ ಕೆಳಗೆ ಬಿಸಿಲಲ್ಲಿ ನಿಂತಿದ್ದಾರೆ!"

"ನಿಂತ್ಕೊಳ್ಳಲಿ. ಹೋಟೆಲು ಅವರದ್ದೇ ಅಲ್ವಾ."

"ಕೆಳಗೆ ಅಷ್ಟು ಜನ ಅಡುಗೆಯವರಿದ್ದಾರೆ. ಒಂದು ಫೋನ್ ಮಾಡಿದ್ರೆ ಕಳಿಸ್ತಿರ್ಲಿಲ್ವಾ?"

"ಕಳಿಸಿದ್ರು, ಹೋದ ವಾರ. ಮೇಲೊಂದು ಬೆಳ್ಳಿ ಮುಚ್ಚಳ, ಪಕ್ಕದಲ್ಲಿ ಗುಲಾಬಿ. ಒಣಮೀನಿಗೆ ಗುಲಾಬಿ, ತಾತ್ತೆ!" ಮಗಳು ಹುಟ್ಟಿದಾಗಿನಿಂದ ಅವಳು ಗಂಡನನ್ನು ಕರೆಯುವುದು ಹಾಗೆಯೇ, ಅಪ್ಪಾ ಎಂದು. ನಗಲು ಹೋದವಳ ದನಿ ಸಣ್ಣಗಾಯಿತು. "ನೀವು ಮ್ಯಾನೇಜರ್ ಆದಾಗಿನಿಂದ ಯಾರೋ ಬೇಯಿಸಿದ್ದನ್ನೇ ತಿಂತಿದ್ದೀನಿ. ಮಗಳು ಹಾಸ್ಟೆಲಿಂದ ಬಂದ್ರೂ ಕೈಗೆ ಮೆನು ಕಾರ್ಡ್ ಕೊಡ್ತೀನಿ. ಒಂದ್ಸಲ ಉಪ್ಪು ಜಾಸ್ತಿ ಮಾಡಿ ನಿಮ್ಮ ಹತ್ರ ಬೈಸ್ಕೋಬೇಕು ಅಂತ ಆಸೆ ನನಗೆ."

ಜಯತಿಸ್ಸ ಒಲೆಯ ಪ್ಲಗ್ ಕಿತ್ತು ಕಿಟಕಿ ತೆರೆದ. ಇದೇ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತುತ್ತಾ ಮೇಲೆ ಬಂದವನು ಅವನು. ಕಡಲಿಗೆ ಮುಖ ಮಾಡಿದ ಸೂಟು, ಇಸ್ತ್ರಿಯಾಗಿ ಬರುವ ಅಂಗಿ, ಕರೆದರೆ ಬರುವ ಊಟ... ಸಂಬಳಕ್ಕಿಂತ ಅವನಿಗೆ ಹೆಮ್ಮೆಯಿದ್ದದ್ದು ಇವುಗಳ ಮೇಲೆ. ಊರಿನಿಂದ ನೆಂಟರು ಬಂದರೆ ಮೊದಲು ತೋರಿಸುತ್ತಿದ್ದದ್ದೂ ಈ ಬಚ್ಚಲುಮನೆಯನ್ನೇ.

ಮಧ್ಯಾಹ್ನ ಲೊಕು ನೋನಾ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಬೀಸಣಿಗೆ ಮಡಿಚಿದರು.

"ಬಾ ಜಯತಿಸ್ಸ. ಬೆಳಿಗ್ಗೆ ಒಳ್ಳೆ ವಾಸನೆ ಇತ್ತು."

"ಕ್ಷಮಿಸ್ಬೇಕು ಮೇಡಂ."

"ವಾಸನೆಗೆ ಯಾಕಪ್ಪಾ ಕ್ಷಮೆ? ಕೇಳು. ಸಂಬಳ ಕಾಲು ಭಾಗ ಜಾಸ್ತಿ. ಹೊಸ ಕಾರು. ಲಾಭದಲ್ಲಿ ಪಾಲು. ಆರನೇ ಮಹಡಿಯ ದೊಡ್ಡ ಸೂಟು, ಎರಡು ಬಾಲ್ಕನಿಯದ್ದು, ಅದೂ ನಿನಗೇ. ಗಾಲೆಯ ಹೋಟೆಲಿನವರು ನಿನ್ನ ಎಳ್ಕೊಳ್ಳೋಕೆ ನೋಡ್ತಿದ್ದಾರೆ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಎರಡು ಬಾಲ್ಕನಿ! 'ಆಗಲಿ ಮೇಡಂ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಲಾಂಡ್ರಿಯ ಆಚೆಗಿದ್ದ ಹಳೆಯ ಹೆಂಚಿನ ಮನೆ ಕಣ್ಣಿಗೆ ಬಿತ್ತು. ಹಿಂದೆ ಯಾರೋ ಇಂಜಿನಿಯರ್ ಇದ್ದ ಮನೆ. ಈಗ ಮುರಿದ ಕುರ್ಚಿಗಳಿಗೆ ಬಿಟ್ಟದ್ದು. ಮಾಡಿನ ಮೇಲೆ ಹೊಗೆಗೂಡು ಮಾತ್ರ ನೆಟ್ಟಗೆ ನಿಂತಿತ್ತು.

"ಸೂಟು ಬೇಡ ಮೇಡಂ. ಆ ಹಳೇ ಮನೆ ಕೊಡಿ."

"ಏನು, ಬಿಸಿಲು ತಲೆಗೇರ್ತಾ?"

"ನಮ್ಮವಳಿಗೆ ಅಡುಗೆಮನೆ ಬೇಕಂತೆ."

ಲೊಕು ನೋನಾ ನಕ್ಕರು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. "ಮ್ಯಾನೇಜರ್ ಲಾಂಡ್ರಿ ಹಿಂದಕ್ಕೆ ಹೋದ ಅಂದ್ರೆ, ನಿನ್ನ ಕೆಳಗಿಳಿಸಿದ್ರು ಅಂತ ಕೊಲಂಬೊ ತುಂಬಾ ಮಾತಾಡ್ಕೋತಾರೆ."

ಅದು ಅವನಿಗೂ ಗೊತ್ತಿತ್ತು. "ಮಾತಾಡ್ಕೊಳ್ಳಲಿ ಮೇಡಂ."

"ದೊಡ್ಡ ಸೂಟನ್ನ ನಾನು ಅತಿಥಿಗಳಿಗೆ ಕೊಟ್ಟು ದುಡ್ಡು ಮಾಡ್ಕೋತೀನಿ. ಆಮೇಲೆ ವಾಪಸ್ ಕೊಡಿ ಅಂತ ಬರಬೇಡ."

"ಇಲ್ಲ ಮೇಡಂ."

"ಸುಣ್ಣ ಬಳಿಸಿಕೊಡ್ತೀನಿ, ಹೋಗು. ಒಂದಿನ ಊಟಕ್ಕೆ ಕರಿ. ಹೋಟೆಲು ನಂದಾದ ಮೇಲೆ ನನಗೂ ಯಾರೂ ಖಾರ ಹಾಕಿ ಬಡಿಸಿಲ್ಲ."

ಹೊಸ ಮನೆಯ ಮೊದಲ ಬೆಳಿಗ್ಗೆ ಜಯತಿಸ್ಸ ಸ್ನಾನ ಮುಗಿಸಿ, ಟೈ ಕಟ್ಟಿ, ಚಹಾಕ್ಕೆ ಹೇಳಲು ಫೋನು ಹುಡುಕಿದ. ಹುಡುಕುತ್ತಲೇ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತ.

"ದಾರಿಗೆ ಅಡ್ಡ ನಿಂತ್ಕೋಬೇಡಿ ತಾತ್ತೆ," ಎಂದು ಮಾಲ್ಕಾಂತಿ ತಿರುಗಿಯೂ ನೋಡದೆ ತೆಂಗಿನ ಹೋಳೊಂದನ್ನು ಅವನ ಕೈಗೆ ತುರುಕಿದಳು. "ತುರೀರಿ. ಕರಟ ಸೇರ್ಕೊಂಡ್ರೆ ಬೈತೀನಿ."

ಅವನು ಪ್ಯಾಂಟು ಮೇಲೆಳೆದುಕೊಂಡು ತುರಿಮಣೆಯ ಮೇಲೆ ಕೂತ. ಮೊದಲು ಕೈ ಜಾರಿತು. ಆಮೇಲೆ ಹದ ಸಿಕ್ಕಿತು. ಕೆಳಗೆ ಬಟ್ಟಲು ಇಡುವುದು ಇಬ್ಬರಿಗೂ ಮರೆತಿತ್ತು. ತುರಿ ಮಾತ್ರ ಮೆತ್ತಗೆ, ಬೆಳ್ಳಗೆ, ಅವನ ಹೊಳೆಯುವ ಕಪ್ಪು ಬೂಟುಗಳ ಮೇಲೆ ಉದುರುತ್ತಾ ಹೋಯಿತು.